ವಿಮಾನ ಶಿಕ್ಷಕನಾಗುವವನು ಮೊದಲು ಯಾವ ಅರ್ಹತೆಯನ್ನು ಪಡೆಯಬೇಕು?

ವಿಮಾನವನ್ನು ನಡೆಸುವುದು ಒಂದು ವಿದ್ಯೆ; ನಡೆಸುವುದನ್ನು ಮತ್ತೊಬ್ಬರಿಗೆ ಕಲಿಸುವುದು ಬೇರೆಯೇ ಒಂದು ವಿದ್ಯೆ. ತಾನು ಲೆಕ್ಕವನ್ನು ಚೆನ್ನಾಗಿ ಮಾಡಬಲ್ಲವನೆಲ್ಲ ಲೆಕ್ಕದ ಉಪಾಧ್ಯಾಯನಾಗಲಾರನೆಂಬುದನ್ನು ಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಬಲ್ಲರು. ಆದಕಾರಣವೇ ವಿಮಾನಯಾನದ ಶಾಸನಗಳು ಚಾಲಕನ ಪರವಾನೆಯನ್ನು ಬೇರೆಯಾಗಿಯೂ ಶಿಕ್ಷಕನ ಪ್ರಮಾಣಪತ್ರವನ್ನು ಬೇರೆಯಾಗಿಯೂ ಇರಿಸಿವೆ. ಈ ಎರಡನೆಯದನ್ನು ಪಡೆಯಹೊರಟವನ ಮುಂದೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಂದು ವಿಶೇಷವಾದ ಪ್ರಶ್ನೆ ಬಂದು ನಿಲ್ಲುತ್ತದೆ. ಅಲ್ಲಿ ಶಿಕ್ಷಕನ ಪ್ರಮಾಣಪತ್ರವೇನೋ ಒಂದೇ; ಆದರೆ ಅದರ ಮೇಲೆ ನಮೂದಾಗುವ ಅರ್ಹತೆಗಳು ಹಲವು. ಇವನ್ನು ಅಲ್ಲಿಯವರು ರೇಟಿಂಗ್ ಎಂದು ಕರೆಯುತ್ತಾರೆ. ಇವುಗಳಲ್ಲಿ ಯಾವುದನ್ನು ಮೊದಲು ಪಡೆಯಬೇಕು, ಯಾವುದನ್ನು ಅನಂತರ ಪಡೆಯಬೇಕು ಎಂಬ ಕ್ರಮವನ್ನು ಶಾಸನವು ವಿಧಿಸಿಲ್ಲ. ಅದು ಅಭ್ಯರ್ಥಿಯ ವಿವೇಚನೆಗೇ ಬಿಟ್ಟ ವಿಷಯ. ಭಾರತದಿಂದ ವಿಮಾನವಿದ್ಯೆಗಾಗಿ ಆ ದೇಶಕ್ಕೆ ಹೋಗುವ ತರುಣ ತರುಣಿಯರು ಇರುವುದರಿಂದಲೂ, ಪ್ರಶ್ನೆಯು ಕೇವಲ ವಿಮಾನಕ್ಕೆ ಸೇರಿದ್ದಾಗಿರದೆ ಬೋಧನೆಯ ಮರ್ಮಕ್ಕೇ ಸಂಬಂಧಿಸಿದ್ದಾದುದರಿಂದಲೂ ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ವಿಚಾರಿಸುವುದು ಉಚಿತವೆಂದು ತೋರುತ್ತದೆ.

ಮೊದಲು ಅರ್ಹತೆಗಳ ಪರಿಚಯ. ಸಾಮಾನ್ಯವಾಗಿ ಆಯ್ಕೆಗೆ ಬರುವವು ಮೂರು. ಒಂದೇ ಎಂಜಿನ್ನಿನ ವಿಮಾನದಲ್ಲಿ ಕಲಿಸುವ ಅರ್ಹತೆ ಒಂದು. ಏನೂ ಅರಿಯದೆ ಬಂದ ಹೊಸಬನಿಗೆ ಹಾರಾಟದ ಅಕ್ಷರಾಭ್ಯಾಸ ಮಾಡಿಸುವವನು ಈ ಶಿಕ್ಷಕನೇ. ಎರಡನೆಯದು ಉಪಕರಣ ಹಾರಾಟದ ಅರ್ಹತೆ. ಮೋಡದೊಳಗೆ ಹೊಕ್ಕಾಗ ದಿಗಂತವು ಕಾಣಿಸದು. ಆಗ ಮುಂದಿನ ಫಲಕದಲ್ಲಿರುವ ಉಪಕರಣಗಳನ್ನು ಮಾತ್ರ ನಂಬಿ ವಿಮಾನ ನಡೆಸಬೇಕಾಗುತ್ತದೆ. ಇದನ್ನು ಕಲಿಯಲು ಬರುವ ಶಿಷ್ಯನು ಸಾಮಾನ್ಯವಾಗಿ ಹಾರಾಟವನ್ನು ಆಗಲೇ ಬಲ್ಲವನು, ಪರವಾನೆ ಪಡೆದವನು. ಮೂರನೆಯದು ಎರಡು ಅಥವಾ ಹೆಚ್ಚು ಎಂಜಿನ್ನುಗಳ ವಿಮಾನದಲ್ಲಿ ಕಲಿಸುವ ಅರ್ಹತೆ. ಇವಲ್ಲದೆ ಹೆಲಿಕಾಪ್ಟರಿಗೂ ಎಂಜಿನ್ ಇಲ್ಲದ ಗ್ಲೈಡರಿಗೂ ಬೇರೆ ಬೇರೆ ಅರ್ಹತೆಗಳಿವೆ.

ಮೂರಕ್ಕೂ ಸಾಮಾನ್ಯವಾದ ನಿಬಂಧನೆಗಳು ಕೆಲವಿವೆ. ಅಭ್ಯರ್ಥಿಗೆ ೧೮ ವರ್ಷ ತುಂಬಿರಬೇಕು. ಇಂಗ್ಲಿಷನ್ನು ಓದಿ, ಬರೆದು, ಆಡಿ, ತಿಳಿಯಬಲ್ಲವನಾಗಿರಬೇಕು. (ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಅಂಜಬೇಕಾದುದಿಲ್ಲ. ರೇಡಿಯೋದಲ್ಲಿ ಬೇಕಾಗುವ ಇಂಗ್ಲಿಷು ಚುಟುಕಾದುದು, ಕಟ್ಟುನಿಟ್ಟಾದುದು, ಅಭ್ಯಾಸದಿಂದ ಬರತಕ್ಕದ್ದು.) ವಾಣಿಜ್ಯ ಚಾಲಕನ ಪರವಾನೆ ಅಥವಾ ಅದಕ್ಕಿಂತ ಮೇಲಿನದು ಕೈಯಲ್ಲಿರಬೇಕು, ವಿಮಾನದ ಶಿಕ್ಷಕನಾಗುವವನಿಗೆ ಉಪಕರಣ ಹಾರಾಟದ ಅರ್ಹತೆಯೂ ಇರಬೇಕು. ಬೋಧನೆಯ ಮೂಲತತ್ತ್ವಗಳ ಬಗ್ಗೆ ೫೦ ಪ್ರಶ್ನೆಗಳ ಒಂದು ಲಿಖಿತ ಪರೀಕ್ಷೆ; ಆಯ್ದ ಅರ್ಹತೆಯ ವಿಷಯದಲ್ಲಿ ಇನ್ನೊಂದು. ಈ ಇನ್ನೊಂದು ಏಕ ಎಂಜಿನ್ ಅಥವಾ ಬಹು ಎಂಜಿನ್ ಅರ್ಹತೆಗಾದರೆ ೧೦೦ ಪ್ರಶ್ನೆಗಳದು, ಉಪಕರಣ ಅರ್ಹತೆಗಾದರೆ ೫೦ ಪ್ರಶ್ನೆಗಳದು. ಅರ್ಹತೆಗೆ ತಕ್ಕ ವರ್ಗದ ವಿಮಾನದಲ್ಲಿ ಮುಖ್ಯಚಾಲಕನಾಗಿ ಕನಿಷ್ಠ ೧೫ ಗಂಟೆ ಹಾರಿರಬೇಕು. ಕೊನೆಗೆ ಪರೀಕ್ಷಕನ ಎದುರಿಗೆ ಮೌಖಿಕ ಪರೀಕ್ಷೆ, ಅದರ ಬೆನ್ನಿಗೆ ಆಕಾಶದಲ್ಲಿ ಪ್ರಾಯೋಗಿಕ ಪರೀಕ್ಷೆ.

ಮೊದಲು ಪಡೆಯುವ ಅರ್ಹತೆ ಯಾವುದೇ ಆಗಲಿ, ಅದರ ಪರೀಕ್ಷೆಯ ಭಾರ ಬಹಳ ದೊಡ್ಡದು. ಆ ದಿನ ಪರೀಕ್ಷಕನು ನೋಡುವುದು ಅಭ್ಯರ್ಥಿಯು ವಿಮಾನವನ್ನು ನಡೆಸಬಲ್ಲನೇ ಎಂಬುದನ್ನು ಮಾತ್ರವಲ್ಲ. ಅದು ಹಿಂದೆಯೇ ತೀರ್ಮಾನವಾದ ಸಂಗತಿ. ಅವನು ವಿವರಿಸಬಲ್ಲನೇ, ಶಿಷ್ಯನ ತಪ್ಪನ್ನು ಕಂಡು ಹೆಸರಿಸಬಲ್ಲನೇ, ಪಾಠವನ್ನು ಕ್ರಮವಾಗಿ ಕಟ್ಟಬಲ್ಲನೇ ಎಂಬುದನ್ನು ಪರಿಶೀಲಿಸಲಾಗುತ್ತದೆ. ಮೌಖಿಕ ಭಾಗವೇ ಹಲವು ಗಂಟೆ ನಡೆಯುವುದುಂಟು. ಎರಡನೆಯ, ಮೂರನೆಯ ಅರ್ಹತೆಗಳನ್ನು ಸೇರಿಸಿಕೊಳ್ಳುವಾಗ ಈ ಬೋಧನತತ್ತ್ವದ ಭಾಗವನ್ನು ಪೂರ್ತಿಯಾಗಿ ಮತ್ತೆ ಒಪ್ಪಿಸಬೇಕಾಗಿಲ್ಲ. ಪರೀಕ್ಷೆ ಅಷ್ಟರಮಟ್ಟಿಗೆ ಹಗುರವಾಗುತ್ತದೆ. ಅಂದಮೇಲೆ ಅಭ್ಯರ್ಥಿಗಳು ಲೆಕ್ಕ ಹಾಕತೊಡಗುವುದು ಸಹಜ. ಭಾರವಾದ ಮೊದಲ ಪರೀಕ್ಷೆಯನ್ನು ವಿಷಯ ಕಡಮೆಯಿರುವ ಕಡೆ ಮುಗಿಸಿಬಿಟ್ಟರೆ ಲಾಭವಲ್ಲವೇ?

ಈ ಲೆಕ್ಕವೇ ಹಲವರನ್ನು ಉಪಕರಣ ಅರ್ಹತೆಯ ಕಡೆಗೆ ಮೊದಲು ಎಳೆಯುತ್ತದೆ. ಅದರ ಪರವಾಗಿ ಹೇಳಬಹುದಾದುದು ಇಲ್ಲದಿಲ್ಲ. ವಾಣಿಜ್ಯ ಪರವಾನೆಯ ಪರೀಕ್ಷೆಗಾಗಿ ಕಲಿತ ಸುತ್ತು ತಿರುವುಗಳ ವಿಶೇಷ ಹಾರಾಟಗಳನ್ನು ಅಲ್ಲಿ ಕಲಿಸಿ ತೋರಿಸಬೇಕಾಗಿಲ್ಲ. ಸ್ಪಿನ್ ಎಂಬ, ವಿಮಾನ ಗಿರಕಿ ಹೊಡೆಯುತ್ತ ಕೆಳಗಿಳಿಯುವ ಸ್ಥಿತಿಯಲ್ಲಿ ತರಬೇತಿ ಪಡೆದ ಸಹಿಯೂ ಬೇಡ. ಶಾಸನವು ಆ ಸಹಿಯನ್ನು ಕೇಳುವುದು ವಿಮಾನದ ಮತ್ತು ಗ್ಲೈಡರಿನ ಶಿಕ್ಷಕರಿಂದ ಮಾತ್ರ. ವಿಷಯವು ಬಹುಮಟ್ಟಿಗೆ ನಿಯಮಗಳದು, ನಕ್ಷೆಗಳದು, ಕ್ರಮಬದ್ಧವಾದ ವಿಧಾನಗಳದು. ಪುಸ್ತಕವನ್ನು ಪ್ರೀತಿಸುವವನಿಗೆ ಅದು ಒಗ್ಗುತ್ತದೆ. ಉಪಕರಣ ಅರ್ಹತೆಯೊಂದನ್ನೇ ಪಡೆದವನು, ತನ್ನ ಚಾಲಕ ಪರವಾನೆಯಲ್ಲಿ ಆ ವರ್ಗದ ವಿಮಾನ ನಮೂದಾಗಿದ್ದರೆ, ಉಪಕರಣ ಶಿಕ್ಷಣವನ್ನು ಕೊಡಬಹುದೆಂಬ ನಿಯಮವೂ ಇದೆ.

ಆದರೆ ಲೆಕ್ಕವನ್ನು ಕೊನೆಯವರೆಗೂ ಹಾಕಿ ನೋಡಬೇಕು. ಇಂಥ ಶಿಕ್ಷಕನು ಹೊಸ ಶಿಷ್ಯನಿಗೆ ಏರುವುದನ್ನೂ ಇಳಿಯುವುದನ್ನೂ ಕಲಿಸಿ ಪರವಾನೆಗೆ ಸಿದ್ಧಗೊಳಿಸಲಾರ. ಶಿಷ್ಯನನ್ನು ಮೊದಲ ಒಂಟಿ ಹಾರಾಟಕ್ಕೆ ಕಳುಹಿಸಲಾರ. ಶಿಷ್ಯರಲ್ಲಿ ಹೊಸಬರೇ ಬಹಳವಾಗಿರುವ ಶಾಲೆಗೆ ಅವನಿಂದ ಅರ್ಧ ಪ್ರಯೋಜನ ಮಾತ್ರ. ಆದುದರಿಂದ ಕೆಲವೇ ತಿಂಗಳಲ್ಲಿ ಅವನು ಏಕ ಎಂಜಿನ್ ಅರ್ಹತೆಗಾಗಿ ಮತ್ತೆ ಸಿದ್ಧನಾಗಬೇಕು. ಆಗ ೧೦೦ ಪ್ರಶ್ನೆಗಳ ಲಿಖಿತ ಪರೀಕ್ಷೆ ಬಂದೇ ಬರುತ್ತದೆ. ಸ್ಪಿನ್ ತರಬೇತಿ ಬರುತ್ತದೆ. ಬಿಟ್ಟಿದ್ದ ತಿರುವುಗಳೂ ಇಳಿತಗಳೂ ಸಾಲಾಗಿ ಬರುತ್ತವೆ. ಒಟ್ಟು ದುಡಿಮೆಯಲ್ಲಿ ಕಡಮೆಯಾದುದು ಏನೂ ಇಲ್ಲ. ಸಾಲವನ್ನು ಎರಡು ಕಂತಿನಲ್ಲಿ ತೀರಿಸಿದಂತಾಯಿತು, ಅಷ್ಟೆ. ಜೊತೆಗೆ, ವಾಣಿಜ್ಯ ಪರೀಕ್ಷೆ ಮುಗಿದ ಹೊಸತರಲ್ಲಿ ಕೈಯಲ್ಲಿ ಹಸಿಯಾಗಿದ್ದ ಆ ತಿರುವುಗಳ ಹದ ಅಷ್ಟರೊಳಗೆ ಮಾಸಿಹೋಗಿರುವ ಸಂಭವವೂ ಉಂಟು.

ಇನ್ನು ಬಹು ಎಂಜಿನ್ ಅರ್ಹತೆ. ಇದನ್ನು ಮೊದಲು ಪಡೆಯಬೇಕೆಂಬ ಆಸೆಯ ಹಿಂದೆ ಇರುವುದು ಬೋಧನೆಯಲ್ಲ, ಗಂಟೆಗಳ ಗಣನೆ. ಇದನ್ನು ತಿಳಿಯಲು ಅಮೆರಿಕದ ಒಂದು ದುರಂತವನ್ನೂ ಅದರಿಂದ ಹುಟ್ಟಿದ ಒಂದು ನಿಯಮವನ್ನೂ ನೆನೆಯಬೇಕಾಗುತ್ತದೆ.

೨೦೦೯ರ ಫೆಬ್ರವರಿ ೧೨ರ ರಾತ್ರಿ ನ್ಯೂವಾರ್ಕಿನಿಂದ ಬಫಲೋ ನಗರಕ್ಕೆ ಹೋಗುತ್ತಿದ್ದ ಕೋಲ್ಗನ್ ಏರ್ ಸಂಸ್ಥೆಯ ೩೪೦೭ನೆಯ ಹಾರಾಟದ ವಿಮಾನವು ಇಳಿಯುವ ಹೊತ್ತಿಗೆ ಮನೆಯೊಂದರ ಮೇಲೆ ಬಿತ್ತು. ವಿಮಾನದಲ್ಲಿದ್ದ ೪೯ ಮಂದಿಯೂ ನೆಲದ ಮೇಲಿದ್ದ ಒಬ್ಬರೂ ಸತ್ತರು. ವೇಗ ಕುಂದಿ, ಸ್ಟಾಲ್ ಸಮೀಪಿಸಿತೆಂದು ಎಚ್ಚರಿಸಲು ನಿಯಂತ್ರಣದಂಡ ತಾನಾಗಿ ನಡುಗಿದಾಗ, ಮುಂದಕ್ಕೆ ಒತ್ತಬೇಕಾದ ಆ ದಂಡವನ್ನು ಮುಖ್ಯಚಾಲಕನು ಹಿಂದಕ್ಕೆ ಎಳೆದನು. ವಿಮಾನ ಸ್ಟಾಲ್ ಆಗಿ ಚೇತರಿಸಿಕೊಳ್ಳಲಿಲ್ಲ. ಅಲ್ಲಿಯ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯು ಕೊಟ್ಟ ಕಾರಣ ಇದೇ. ಮೃತರ ಬಂಧುಗಳು ಹಿಡಿದ ಹಟದಿಂದ ೨೦೧೦ರ ಆಗಸ್ಟಿನಲ್ಲಿ ಶಾಸನವೊಂದು ಜಾರಿಗೆ ಬಂತು. ಅದರ ಪ್ರಕಾರ ೨೦೧೩ರಿಂದ ಪ್ರಯಾಣಿಕ ವಿಮಾನಗಳ ಸಹಚಾಲಕರಿಗೂ ಅತ್ಯುನ್ನತ ದರ್ಜೆಯ ಪರವಾನೆ ಬೇಕೆಂದಾಯಿತು. ಆ ಪರವಾನೆಗೆ ಸಾಮಾನ್ಯವಾಗಿ ೧,೫೦೦ ಗಂಟೆಗಳ ಹಾರಾಟ ಬೇಕು. ಸೈನ್ಯದಲ್ಲಿ ತರಬೇತಾದವರಿಗೆ ೭೫೦ ಗಂಟೆ, ಅಂಗೀಕೃತ ವೈಮಾನಿಕ ಪದವಿ ಪಡೆದವರಿಗೆ ೧,೦೦೦ ಗಂಟೆ ಎಂಬ ರಿಯಾಯಿತಿಗಳುಂಟು.

ವಾಣಿಜ್ಯ ಪರವಾನೆ ದೊರೆಯುವುದು ಸುಮಾರು ೨೫೦ ಗಂಟೆಗಳಿಗೆ. ಉಳಿದ ಸಾವಿರಕ್ಕೂ ಮೀರಿದ ಗಂಟೆಗಳನ್ನು ಕೈಯಿಂದ ಹಣ ಹಾಕಿ ಹಾರುವ ಶಕ್ತಿ ಎಷ್ಟು ಜನಕ್ಕಿದೆ? ಶಿಕ್ಷಕನಾದರೆ ಶಿಷ್ಯನಿಗೆ ಕಲಿಸುತ್ತಿರುವ ಗಂಟೆಗಳನ್ನೂ ತನ್ನ ಪುಸ್ತಕದಲ್ಲಿ ಮುಖ್ಯಚಾಲಕನ ಗಂಟೆಗಳೆಂದು ಬರೆದುಕೊಳ್ಳಬಹುದು. ಮೇಲಾಗಿ ಸಂಬಳವೂ ಸಿಗುತ್ತದೆ. ಹೀಗೆ ಶಿಕ್ಷಕವೃತ್ತಿಯು ಆ ದೇಶದಲ್ಲಿ ದೊಡ್ಡ ವಿಮಾನಗಳಿಗೆ ಹೋಗುವವರ ತಂಗುದಾಣವಾಯಿತು. ಬಹು ಎಂಜಿನ್ ವಿಮಾನದ ಅತ್ಯುನ್ನತ ಪರವಾನೆಗೆ ಆ ವರ್ಗದಲ್ಲಿಯೇ ೫೦ ಗಂಟೆಗಳ ಹಾರಾಟ ಬೇಕಾದುದರಿಂದ, ಬಹು ಎಂಜಿನ್ ಶಿಕ್ಷಕನಾದರೆ ಅದೂ ಶಿಷ್ಯನ ಖರ್ಚಿನಲ್ಲಿಯೇ ಕೂಡಿಬರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಬಡವರ ಮಕ್ಕಳಿಗೆ ಇದೊಂದು ದಾರಿಯೇ ಸರಿ. ಆದರೆ ಈ ಕಥೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಬಫಲೋ ವಿಮಾನದ ಚಾಲಕರಿಬ್ಬರಿಗೂ ೧,೫೦೦ಕ್ಕಿಂತ ಹೆಚ್ಚು ಗಂಟೆಗಳ ಅನುಭವ ಆಗಲೇ ಇತ್ತು. ಅಂದು ಕೊರತೆಯಾದುದು ಗಂಟೆಗಳಲ್ಲ. ಸ್ಟಾಲಿನ ಮುನ್ಸೂಚನೆ ಬಂದಾಗ ಕೈ ಸರಿಯಾದ ಕಡೆಗೆ ಚಲಿಸುವ ಸಂಸ್ಕಾರ. ಆ ಸಂಸ್ಕಾರವನ್ನು ಯಾವುದೇ ಚಾಲಕನಿಗೆ ಮೊಟ್ಟಮೊದಲು ಕೊಡುವವನು ಏಕ ಎಂಜಿನ್ ವಿಮಾನದ ಶಿಕ್ಷಕ.

ಎರಡು ಎಂಜಿನ್ನುಗಳ ವಿಮಾನದಲ್ಲಿ ಕಲಿಸುವುದರ ಸ್ವರೂಪವನ್ನು ತಿಳಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಎಡ ರೆಕ್ಕೆಯ ಎಂಜಿನ್ ನಿಂತುಹೋಯಿತೆನ್ನೋಣ. ಬಲ ರೆಕ್ಕೆಯ ಎಂಜಿನ್ ಪೂರ್ಣಶಕ್ತಿಯಲ್ಲಿ ಎಳೆಯುತ್ತಲೇ ಇರುವುದರಿಂದ ವಿಮಾನದ ಮೂತಿ ಎಡಕ್ಕೆ ತಿರುಗತೊಡಗುತ್ತದೆ. ಚಾಲಕನು ಬಲಗಾಲನ್ನು ಒತ್ತಿ ಬಾಲದ ಚುಕ್ಕಾಣಿಯಿಂದ ಅದನ್ನು ತಡೆಯುತ್ತಾನೆ. ಚುಕ್ಕಾಣಿಗೆ ಬಲ ಬರುವುದು ಅದರ ಮೇಲೆ ಹರಿಯುವ ಗಾಳಿಯಿಂದ. ವೇಗ ಕುಂದಿದಂತೆ ಆ ಬಲವೂ ಕುಂದುತ್ತದೆ. ಒಂದು ಮಿತಿಗಿಂತ ವೇಗ ಇಳಿದರೆ ಕಾಲನ್ನು ಕೊನೆಯವರೆಗೆ ಒತ್ತಿದರೂ ಮೂತಿ ನಿಲ್ಲದು. ವಿಮಾನ ಸತ್ತ ಎಂಜಿನ್ನಿನ ಕಡೆಗೆ ತಿರುಗಿ ಮಗುಚುತ್ತದೆ. ಈ ಕನಿಷ್ಠ ನಿಯಂತ್ರಣವೇಗವನ್ನು ವೇಗಸೂಚಕದ ಮೇಲೆ ಕೆಂಪು ಗೆರೆಯಿಂದ ಗುರುತಿಸಿರುತ್ತಾರೆ. ಒಂದೇ ಎಂಜಿನ್ನಿನಿಂದ ಚೆನ್ನಾಗಿ ಮೇಲೇರಲು ತಕ್ಕ ವೇಗವನ್ನು ನೀಲಿ ಗೆರೆಯಿಂದ. ಶಿಕ್ಷಕನು ಎತ್ತರಕ್ಕೆ ಹೋಗಿ, ಬೇಕೆಂದೇ ಒಂದು ಎಂಜಿನ್ನಿನ ಶಕ್ತಿಯನ್ನು ಇಳಿಸಿ, ಆ ಕೆಂಪು ಗೆರೆಯ ಸಮೀಪಕ್ಕೆ ಶಿಷ್ಯನನ್ನು ಒಯ್ದು, ನಿಯಂತ್ರಣ ಜಾರುವ ಮೊದಲ ಕುರುಹನ್ನು ತೋರಿಸಿ, ಒಡನೆಯೇ ಹಿಂದಕ್ಕೆ ತರಬೇಕು. ನಡೆಯುತ್ತಿರುವ ಎಂಜಿನ್ನಿನ ಶಕ್ತಿಯನ್ನು ಇಳಿಸುವುದು, ಮೂತಿಯನ್ನು ಬಗ್ಗಿಸುವುದು: ಪರಿಹಾರ ಇಷ್ಟೇ.

ಇದರೊಳಗೆ ಅಡಗಿರುವ ಬಲೆ ಬೇರೆ. ಸಾಧಾರಣವಾದ ಎಂಜಿನ್ನುಗಳು ಎತ್ತರಕ್ಕೆ ಹೋದಂತೆ ಶಕ್ತಿಗುಂದುತ್ತವೆ. ಎಳೆತ ಕಡಮೆಯಾದುದರಿಂದ ಮೂತಿಯನ್ನು ತಡೆಯಲು ಬೇಕಾದ ವೇಗವೂ ಕಡಮೆಯಾಗುತ್ತದೆ. ಆದರೆ ಸ್ಟಾಲ್ ಆಗುವ ವೇಗವು ಸೂಚಕದಲ್ಲಿ ಹೆಚ್ಚುಕಡಮೆ ಇದ್ದಲ್ಲಿಯೇ ಇರುತ್ತದೆ. ಹೀಗೆ ಒಂದು ಎತ್ತರದಲ್ಲಿ ಎರಡೂ ಸಂಧಿಸುತ್ತವೆ. ಅದಕ್ಕಿಂತ ಮೇಲೆ, ಶಿಷ್ಯನು ನಿಯಂತ್ರಣ ಜಾರುವುದನ್ನು ಕಾಯುತ್ತಿರುವಾಗ ಸ್ಟಾಲೇ ಮೊದಲು ಬಂದುಬಿಡುತ್ತದೆ. ಒಂದು ಕಡೆ ಮಾತ್ರ ಎಳೆತವಿರುವಾಗ ಬಂದ ಸ್ಟಾಲು ಸ್ಪಿನ್ನಿಗೆ ತಿರುಗುವುದು ಸುಲಭ. ಚಿಕ್ಕ ದ್ವಿ ಎಂಜಿನ್ ವಿಮಾನಗಳಲ್ಲಿ ಬಹಳಷ್ಟು ಸ್ಪಿನ್ ಮಾಡಲು ಅಂಗೀಕಾರ ಪಡೆದವಲ್ಲ. ಈ ಪಾಠವನ್ನು ಕಲಿಸುವವನಿಗೆ ಸ್ಟಾಲಿನ ವಾಸನೆ ಶಿಷ್ಯನಿಗಿಂತ ಮೊದಲೇ ಬಡಿಯಬೇಕು. ಶಿಷ್ಯನ ಕೈಕಾಲುಗಳು ಗಾಬರಿಯಲ್ಲಿ ಏನು ಮಾಡುತ್ತವೆಂಬುದು ಹಿಂದಿನ ನೂರು ಪಾಠಗಳಿಂದ ತಿಳಿದಿರಬೇಕು. ಅಮೆರಿಕದ ಶಾಸನ ಇಲ್ಲಿ ಕೇಳುವುದು ಅಲ್ಪ: ಬಹು ಎಂಜಿನ್ ಪರವಾನೆಗೆ ಕಲಿಸುವವನು ಅದೇ ತಯಾರಿಕೆಯ, ಅದೇ ಮಾದರಿಯ ವಿಮಾನದಲ್ಲಿ ಮುಖ್ಯಚಾಲಕನಾಗಿ ೫ ಗಂಟೆ ಹಾರಿರಬೇಕು. ಶಾಸನ ತೃಪ್ತವಾಯಿತೆಂದ ಮಾತ್ರಕ್ಕೆ ಶಿಕ್ಷಕ ಸಿದ್ಧನಾದನೆಂದು ತಿಳಿಯಲಾಗದು.

ಹಣದ ತೊಡಕೂ ಇದೆ. ಎರಡು ಎಂಜಿನ್ನುಗಳ ವಿಮಾನದ ಬಾಡಿಗೆ ಬಹಳ ಹೆಚ್ಚು. ಮೇಲೆ ಹೇಳಿದ ೧೫ ಗಂಟೆಗಳನ್ನು ಆ ವಿಮಾನದಲ್ಲಿ ಮುಖ್ಯಚಾಲಕನಾಗಿ ಹಾರುವುದು ಹೊಸಬನಿಗೆ ಸುಲಭವಲ್ಲ. ಅನುಭವವಿಲ್ಲದವನ ಕೈಗೆ ಅಂಥ ವಿಮಾನವನ್ನು ಒಂಟಿಯಾಗಿ ಕೊಡಲು ವಿಮೆಯವರು ಎಷ್ಟೋ ವೇಳೆ ಒಪ್ಪುವುದಿಲ್ಲ.

ಹಾಗಾದರೆ ಏಕ ಎಂಜಿನ್ ಅರ್ಹತೆಯನ್ನೇ ಮೊದಲು ಪಡೆಯಬೇಕೆನ್ನುವುದಕ್ಕೆ ಆಧಾರವೇನು? ಮೊದಲನೆಯ ಆಧಾರ ಆಸನದ್ದು. ಅಕ್ಕಪಕ್ಕದಲ್ಲಿ ಇಬ್ಬರು ಕೂರುವ ವಿಮಾನದಲ್ಲಿ ಶಿಷ್ಯನ ಸ್ಥಾನ ಎಡಕ್ಕೆ, ಶಿಕ್ಷಕನದು ಬಲಕ್ಕೆ. ೨೫೦ ಗಂಟೆ ಎಡದಲ್ಲಿ ಕುಳಿತು, ಎಡಗೈಯಲ್ಲಿ ನಿಯಂತ್ರಣವನ್ನೂ ಬಲಗೈಯಲ್ಲಿ ಥ್ರಾಟಲನ್ನೂ ಹಿಡಿದವನು ಈಗ ಕೈಗಳನ್ನು ಅದಲು ಬದಲು ಮಾಡಿಕೊಳ್ಳಬೇಕು. ಉಪಕರಣಗಳು ಓರೆಯಾಗಿ ಕಾಣುತ್ತವೆ. ಮೂತಿಯು ಓಟದ ಹಾದಿಗೆ ನೇರವಾಗಿದೆಯೇ ಇಲ್ಲವೇ ಎಂಬ ಅಂದಾಜೇ ತಪ್ಪುತ್ತದೆ. ತಾನು ಇಳಿಸುತ್ತಿರುವಾಗಲೇ ಬಾಯಿಯಿಂದ ವಿವರಿಸುತ್ತಲೂ ಇರಬೇಕು. ಎಷ್ಟೋ ಜನಕ್ಕೆ ಕೈ ಓಡುವಾಗ ಬಾಯಿ ನಿಲ್ಲುತ್ತದೆ, ಬಾಯಿ ಓಡುವಾಗ ಕೈ. ಈ ಹದವನ್ನು ಅಗ್ಗದ, ನಿಧಾನದ, ತಪ್ಪನ್ನು ಸ್ವಲ್ಪ ಸಹಿಸಿಕೊಳ್ಳುವ ವಿಮಾನದಲ್ಲಿ ಕಲಿಯುವುದೇ ಬುದ್ಧಿವಂತಿಕೆ.

ಎರಡನೆಯ ಆಧಾರ ಶಿಷ್ಯನದು, ಅದೇ ಮುಖ್ಯವಾದುದು. ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತವು ಶಿಕ್ಷಕರಿಗಾಗಿ ಪ್ರಕಟಿಸುವ ಕೈಪಿಡಿಯಲ್ಲಿ ಕಲಿಕೆಯ ಕೆಲವು ನಿಯಮಗಳನ್ನು ಕೊಟ್ಟಿದ್ದಾರೆ. ಇವುಗಳಲ್ಲಿ ಸಿದ್ಧತೆ, ಅಭ್ಯಾಸ, ಪರಿಣಾಮ ಎಂಬ ಮೂರು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕನವು. ಉಳಿದವು ಅನಂತರ ಸೇರಿದವು. ಹಾಗೆ ಸೇರಿದವುಗಳಲ್ಲಿ ಒಂದು, ಮೊದಲು ಕಲಿತದ್ದೇ ಆಳವಾಗಿ ಬೇರೂರುತ್ತದೆಂಬ ನಿಯಮ. ನಮ್ಮ ಹಳ್ಳಿಯ ಉಪಾಧ್ಯಾಯರು ಇದನ್ನು ಪುಸ್ತಕ ನೋಡದೆಯೇ ಬಲ್ಲರು: ಅಕ್ಷರವನ್ನು ತಿರುಗು ಮುರುಗಾಗಿ ತಿದ್ದಿದ ಮಗುವಿನ ಕೈಯನ್ನು ಮೂರನೆಯ ತರಗತಿಯಲ್ಲಿ ಸರಿಪಡಿಸುವುದು ಎಷ್ಟು ಕಷ್ಟವೆಂದು ಅವರನ್ನೇ ಕೇಳಬೇಕು. ಹಾರಾಟದಲ್ಲಿ ಈ ಮಾತು ಪ್ರಾಣಕ್ಕೆ ಸಂಬಂಧಿಸಿದ್ದು. ವಿಮಾನ ಕೆಳಗಿಳಿಯುತ್ತಿದೆ ಎಂದು ಕಂಡೊಡನೆ ದಂಡವನ್ನು ತನ್ನತ್ತ ಎಳೆಯುವುದು ಮನುಷ್ಯನ ಹುಟ್ಟುಗುಣ. ರೆಕ್ಕೆಗೂ ಎದುರುಗಾಳಿಗೂ ನಡುವಣ ಕೋನ ಮಿತಿಮೀರಿ ಎತ್ತುಬಲ ಕುಸಿದಿರುವಾಗ ಎಳೆದರೆ ಕೋನ ಇನ್ನೂ ಹೆಚ್ಚುತ್ತದೆ. ಮುಂದಕ್ಕೆ ಒತ್ತುವುದೇ ಉಪಾಯ. ನೆಲದತ್ತ ಮೂತಿ ಮಾಡಿದ ವಿಮಾನವನ್ನು ಇನ್ನೂ ನೆಲದತ್ತ ಒತ್ತಬೇಕೆಂಬುದು ಹುಟ್ಟುಗುಣಕ್ಕೆ ತೀರ ವಿರುದ್ಧ. ಇದನ್ನು ಒಡಲಿಗೆ ಹತ್ತಿಸುವ ಕೆಲಸ ಮೊದಲ ಇಪ್ಪತ್ತು ಮೂವತ್ತು ಗಂಟೆಗಳಲ್ಲಿ ನಡೆಯಬೇಕು.

ಈ ವಿಚಾರಕ್ಕೆ ಒಂದು ಶತಮಾನಕ್ಕೂ ಮೀರಿದ ಇತಿಹಾಸವಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಿಮಾನಶಾಲೆಗಳಲ್ಲಿ ಕಲಿಯುವಾಗಲೇ ಸಾಯುತ್ತಿದ್ದ ತರುಣರು ಬಹಳ. ಕಲಿಸಲು ಬರುತ್ತಿದ್ದವರಲ್ಲಿ ಯುದ್ಧರಂಗದಿಂದ ದಣಿದು ಹಿಂದಿರುಗಿದವರೇ ಅನೇಕರು. ಅವರಿಗೆ ಬೋಧನೆಯ ತರಬೇತಿಯೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಅಪಾಯದ ಸ್ಥಿತಿಗಳಿಂದ ಶಿಷ್ಯನನ್ನು ದೂರವಿಡುವುದೇ ಪದ್ಧತಿಯಾಗಿತ್ತು. ೧೯೧೭ರಲ್ಲಿ ಗಾಸ್‌ಪೋರ್ಟ್ ಎಂಬಲ್ಲಿ ರಾಬರ್ಟ್ ಸ್ಮಿತ್ ಬ್ಯಾರಿ ಎಂಬ ಅಧಿಕಾರಿ ಇದನ್ನು ತಲೆಕೆಳಗು ಮಾಡಿದನು. ಸ್ಪಿನ್ನಿನಂಥ ಅಪಾಯಗಳೊಳಕ್ಕೆ ಶಿಷ್ಯನನ್ನು ಬೇಕೆಂದೇ ಒಯ್ದು, ಅದರಿಂದ ಹೊರಬರುವುದನ್ನು ಕಲಿಸಬೇಕೆಂದನು. ಆವ್ರೋ ೫೦೪ ವಿಮಾನದಲ್ಲಿ ಶಿಕ್ಷಕನ ಮಾತು ಶಿಷ್ಯನ ಕಿವಿಗೆ ಮುಟ್ಟುವಂತೆ ಮಾತಿನ ಕೊಳವೆಯನ್ನು ಅಳವಡಿಸಿದನು. ಎಲ್ಲಕ್ಕಿಂತ ಮೇಲಾಗಿ, ಶಿಕ್ಷಕರಿಗೇ ಶಿಕ್ಷಣ ಕೊಡುವ ಶಾಲೆಯನ್ನು ನಡೆಸಿದನು. ಇಂದು ವಿಮಾನ ಶಿಕ್ಷಕನಾಗುವವನಿಂದ ಸ್ಪಿನ್ ತರಬೇತಿಯ ಸಹಿಯನ್ನು ಅಮೆರಿಕ ಕೇಳುತ್ತಿರುವುದರಲ್ಲಿ ಗಾಸ್‌ಪೋರ್ಟಿನ ಆ ವಿವೇಕವನ್ನು ಕಾಣಬಹುದು. ಈ ಸಹಿಯನ್ನು ತಪ್ಪಿಸಿಕೊಳ್ಳಲೆಂದು ಉಪಕರಣ ಅರ್ಹತೆಯನ್ನು ಮೊದಲು ಹಿಡಿಯುವವರನ್ನು ಕಂಡರೆ, ಮಗ್ಗಿಗೆ ಹೆದರಿ ಬೀಜಗಣಿತಕ್ಕೆ ಹಾರಿದ ಹುಡುಗನ ನೆನಪಾಗುತ್ತದೆ.

ಮತ್ತೊಂದು ವಿಷಯ, ಮೊದಲ ಒಂಟಿ ಹಾರಾಟದ್ದು. ಒಂದು ದಿನ ಶಿಕ್ಷಕನು ವಿಮಾನದಿಂದ ಕೆಳಗಿಳಿದು, ಬಾಗಿಲು ಹಾಕಿ, ಶಿಷ್ಯನನ್ನು ಒಬ್ಬನನ್ನೇ ಮೇಲಕ್ಕೆ ಕಳುಹಿಸುತ್ತಾನೆ. ಮರಳಿ ಬಂದ ಶಿಷ್ಯನ ಅಂಗಿಯ ಹಿಂದಿನ ಅಂಚನ್ನು ಕತ್ತರಿಸಿ ಗೋಡೆಗೆ ತೂಗುಹಾಕುವ ಮೋಜಿನ ಪದ್ಧತಿ ಅಮೆರಿಕದ ವಿಮಾನಶಾಲೆಗಳಲ್ಲಿದೆ. ಹಿಂದೆ ಒಬ್ಬರ ಹಿಂದೊಬ್ಬರು ಕೂರುತ್ತಿದ್ದ ಕಾಲದಲ್ಲಿ ಶಿಕ್ಷಕನು ಅಂಗಿಯ ತುದಿ ಜಗ್ಗಿ ಎಚ್ಚರಿಸುತ್ತಿದ್ದನೆಂದೂ, ಇನ್ನು ಆ ಜಗ್ಗುವಿಕೆ ಬೇಡವೆಂಬುದೇ ಅದರ ಅರ್ಥವೆಂದೂ ಹೇಳುತ್ತಾರೆ. ಮೋಜು ಹಾಗಿರಲಿ, ಶಿಷ್ಯನ ಹಾರಾಟಪುಸ್ತಕದಲ್ಲಿ ಒಪ್ಪಿಗೆಯ ಸಹಿ ಹಾಕುವವನ ಜವಾಬ್ದಾರಿ ಚಿಕ್ಕದಲ್ಲ. ಈ ವಿಷಯದಲ್ಲಿ ಯೂರೋಪಿನ ನಿಯಮ ಹೆಚ್ಚು ಎಚ್ಚರಿಕೆಯದು. ಅಲ್ಲಿ ಹೊಸ ಶಿಕ್ಷಕನು ಮತ್ತೊಬ್ಬ ಶಿಕ್ಷಕನ ಮೇಲ್ವಿಚಾರಣೆಯಲ್ಲಿ ಕಲಿಸಬೇಕು. ೧೦೦ ಗಂಟೆ ಬೋಧಿಸಿ, ಶಿಷ್ಯರ ೨೫ ಒಂಟಿ ಹಾರಾಟಗಳನ್ನು ನೋಡಿಕೊಂಡ ಮೇಲೆಯೇ ಅವನ ನಿರ್ಬಂಧಗಳು ತೆರವಾಗುವುದು. ಅಲ್ಲಿಯವರೆಗೆ ಮೊದಲ ಒಂಟಿ ಹಾರಾಟಕ್ಕೆ ಅವನು ಅಪ್ಪಣೆ ಕೊಡುವಂತಿಲ್ಲ. ನಮ್ಮ ಭಾರತದಲ್ಲಿಯೂ ಸಹಾಯಕ ಶಿಕ್ಷಕ, ಅನಂತರ ಶಿಕ್ಷಕ ಎಂಬ ಮೆಟ್ಟಿಲುಗಳಿವೆ. ಆದಕಾರಣ ಯಾವುದನ್ನು ಮೊದಲು ಪಡೆಯಲೆಂಬ ಪ್ರಶ್ನೆಯೇ ಇಲ್ಲಿ ಆ ರೂಪದಲ್ಲಿ ಏಳುವುದಿಲ್ಲ. ಅಮೆರಿಕದಲ್ಲಿ ಪ್ರಮಾಣಪತ್ರ ಕೈಗೆ ಬಂದ ದಿನದಿಂದಲೇ ಮೊದಲ ಒಂಟಿ ಹಾರಾಟಕ್ಕೆ ಅಪ್ಪಣೆ ಕೊಡುವ ಅಧಿಕಾರ. ಮೆಟ್ಟಿಲನ್ನು ಶಾಸನ ಕಟ್ಟಿಕೊಡದ ದೇಶದಲ್ಲಿ ಅಭ್ಯರ್ಥಿಯೇ ತನಗೆ ಕಟ್ಟಿಕೊಳ್ಳಬೇಕು.

ಇದರಿಂದ ಏಕ ಎಂಜಿನ್ ಅರ್ಹತೆಯೇ ಎಲ್ಲರಿಗೂ ಮೊದಲಾಗಬೇಕೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಪಕ್ಕದ ಆಸನದಲ್ಲಿ ಯಾವ ಶಿಷ್ಯ ಬಂದು ಕೂರುತ್ತಾನೆಂಬುದನ್ನು ನೋಡಿ ಆರಿಸಿಕೊಳ್ಳಬೇಕೆಂಬುದೇ ನನ್ನ ಮಾತು. ವರ್ಷಗಟ್ಟಲೆ ಮೋಡಗಳ ನಡುವೆ ವಿಮಾನ ನಡೆಸಿ ನಿವೃತ್ತನಾದವನು, ತನ್ನ ಊರಿನ ಪರವಾನೆದಾರರಿಗೆ ಉಪಕರಣ ಹಾರಾಟ ಕಲಿಸಬೇಕೆಂದಿದ್ದರೆ, ಆ ಅರ್ಹತೆಯನ್ನು ಮೊದಲು ಪಡೆಯುವುದು ತೀರ ಯುಕ್ತ. ಅಂಥ ಶಿಷ್ಯನು ಕಣ್ಣಿಗೆ ಮರೆ ಕಟ್ಟಿಕೊಂಡು ಉಪಕರಣಗಳನ್ನು ಮಾತ್ರ ನೋಡುತ್ತಿರುವಾಗ ಹೊರಗಿನ ಆಕಾಶವನ್ನೂ ಒಳಗಿನ ಫಲಕವನ್ನೂ ಶಿಷ್ಯನ ಆಯಾಸವನ್ನೂ ಒಟ್ಟಿಗೆ ಗಮನಿಸಲು ಅನುಭವ ಬೇಕು, ಅದು ಅವನಲ್ಲಿದೆ. ಪರ್ವತಸೀಮೆಯ ಗ್ಲೈಡರ್ ಸಂಘವೊಂದರಲ್ಲಿ ಬೆಳೆದವನು ಗ್ಲೈಡರ್ ಶಿಕ್ಷಕನಾಗಿಯೇ ಆರಂಭಿಸಬಹುದು. ಅದಕ್ಕೆ ಉಪಕರಣ ಹಾರಾಟದ ಅರ್ಹತೆ ಬೇಕಾಗಿಯೇ ಇಲ್ಲ. ಆದರೆ ೨೫೦ ಗಂಟೆಗಳ ಅನುಭವದೊಡನೆ, ಚಿಕ್ಕ ಊರಿನ ವಿಮಾನಶಾಲೆಯಲ್ಲಿ ಕೆಲಸ ಹುಡುಕುವ ತರುಣನ ಮುಂದೆ ಬಂದು ಕೂರುವವನು ಮೊದಲ ಬಾರಿಗೆ ವಿಮಾನ ಹತ್ತಿದವನೇ. ಖಾಸಗಿ ಪರವಾನೆಗೆ ಆ ಶಿಷ್ಯನಿಗೆ ಕನಿಷ್ಠ ೪೦ ಗಂಟೆ ಹಾರಾಟ ಬೇಕು. ಅದರಲ್ಲಿ ೨೦ ಶಿಕ್ಷಕನೊಡನೆ. ಅದರೊಳಗೆ ಉಪಕರಣಗಳನ್ನು ನೋಡಿ ಹಾರುವ ೩ ಗಂಟೆಗಳ ಪಾಠವನ್ನೂ ಏಕ ಎಂಜಿನ್ ಶಿಕ್ಷಕನೇ ಕೊಡಬಹುದು.

ಟೆನೆಸೀ ರಾಜ್ಯದ ಮಾರಿಸ್‌ಟೌನಿನಲ್ಲಿದ್ದ ಎವೆಲಿನ್ ಜಾನ್ಸನ್ ಎಂಬಾಕೆ ೧೯೪೭ರಲ್ಲಿ ಶಿಕ್ಷಕಿಯಾದರು. ೨೦೧೨ರಲ್ಲಿ ೧೦೨ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಆಕೆಯ ಹಾರಾಟಪುಸ್ತಕದಲ್ಲಿದ್ದುದು ೫೭,೬೩೫ ಗಂಟೆ. ಆ ಗಂಟೆಗಳಲ್ಲಿ ಬಹುಪಾಲು ಸಂದದ್ದು ಚಿಕ್ಕ ವಿಮಾನಗಳಲ್ಲಿ ಕಲಿಸುವುದಕ್ಕೆ. ತಂಗುದಾಣವೆಂದು ಬಂದ ವೃತ್ತಿಯೇ ಕೆಲವರಿಗೆ ಮನೆಯಾಗುವುದೂ ಉಂಟು.

ಏಕ ಎಂಜಿನ್ ಅರ್ಹತೆ ದೊರೆತ ಮೇಲೆ ಉಪಕರಣ ಅರ್ಹತೆಗೆ ಹೆಚ್ಚು ಕಾಲ ತಡೆಯಬಾರದು. ಮೊದಲ ಪರೀಕ್ಷೆಯ ಓದು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಮುಗಿಸಿದರೆ ಶ್ರಮ ಕಡಮೆ. ಪರವಾನೆ ಪಡೆದ ಶಿಷ್ಯರು ಮುಂದಿನ ಪಾಠಕ್ಕೆ ಬೇರೆಯವರಲ್ಲಿಗೆ ಹೋಗುವುದೂ ತಪ್ಪುತ್ತದೆ. ಬಹು ಎಂಜಿನ್ ಅರ್ಹತೆಗೆ ಆಗ ಹೊಸ ಲಿಖಿತ ಪರೀಕ್ಷೆಯಿಲ್ಲ. ಒಂದೆರಡು ನೂರು ಗಂಟೆ ಬೋಧಿಸಿ, ಶಿಷ್ಯರ ಕೈಕಾಲುಗಳ ಚಾಳಿಯನ್ನು ಬಲ್ಲವನಾದ ಮೇಲೆ ಅದಕ್ಕೆ ಕೈ ಹಾಕುವುದು ಲೇಸು. ೨೦೨೪ರ ಡಿಸೆಂಬರ್ ೧ರಿಂದ ಶಿಕ್ಷಕನ ಪ್ರಮಾಣಪತ್ರದ ಮೇಲೆ ಮುಕ್ತಾಯದ ತಾರೀಖನ್ನು ಮುದ್ರಿಸುವ ಪದ್ಧತ ನಿಂತಿದೆ. ಆದರೂ ೨೪ ತಿಂಗಳಿಗೊಮ್ಮೆ ತನ್ನ ಬೋಧನೆ ಚಾಲ್ತಿಯಲ್ಲಿದೆಯೆಂದು ನಿಯಮದ ಮೇರೆಗೆ ತೋರಿಸಲೇಬೇಕು.

ಲಿಖಿತ ಪರೀಕ್ಷೆಗಳನ್ನು ಮಾತ್ರ ವಾಣಿಜ್ಯ ಪರವಾನೆಗೆ ಓದುತ್ತಿರುವಾಗಲೇ ಬರೆದಿಟ್ಟುಕೊಳ್ಳಬಹುದು. ಅವುಗಳ ಫಲಿತಾಂಶಕ್ಕೆ ೨೪ ತಿಂಗಳ ಮಾನ್ಯತೆಯಿದೆ. ಅಮೆರಿಕದ ಯಾವುದಾದರೂ ರಾಜ್ಯದಲ್ಲಿ ಏಳನೆಯ ತರಗತಿ ಅಥವಾ ಮೇಲಿನವರಿಗೆ ಕಲಿಸುವ ಉಪಾಧ್ಯಾಯ ಪ್ರಮಾಣಪತ್ರ ಪಡೆದವರಿಗೂ, ಮಾನ್ಯತೆ ಪಡೆದ ಕಾಲೇಜಿನಲ್ಲಿ ಅಧ್ಯಾಪಕರಾಗಿರುವವರಿಗೂ ಬೋಧನತತ್ತ್ವಗಳ ಲಿಖಿತ ಪರೀಕ್ಷೆಯಿಂದ ವಿನಾಯಿತಿ ಇದೆ.